ಕುಮ್ಕಿ ಕೇಸಿನ ವಕೀಲೆ ಟೊರಾಂಟೊಗೆ ಹೋದಾಗ: ಒಂದು ಪ್ರಕರಣ ಅಧ್ಯಯನ

ಉಡುಪಿಯ ನಮ್ಮ ಛೇಂಬರಿನಲ್ಲಿ ಕಿರಿಯರೆಲ್ಲ ಅವರನ್ನು 'ಅಕ್ಕ' ಅಂತಲೇ ಕರೆಯುತ್ತಿದ್ದೆವು. ಇಲ್ಲೂ ಅದೇ ಹೆಸರು ಸಾಕು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಮಾಡಿದ ತಪ್ಪು, ತೆಗೆದುಕೊಂಡ ತೀರ್ಮಾನ, ಅವುಗಳ ಹಿಂದುಮುಂದು ನಡೆದ ಹಾಗೇ ಇದೆ.

ಈಚೆಗೆ ಆರೇಳು ಮಂದಿ ಕಿರಿಯ ವಕೀಲರು ನನ್ನಲ್ಲಿ ಒಂದೇ ಪ್ರಶ್ನೆ ಕೇಳಿದ್ದಾರೆ: "ಕೆನಡಾಕ್ಕೆ ಹೋದರೆ ನಮ್ಮ ಸನದು ಅಲ್ಲಿ ನಡೆಯುತ್ತದಾ?" (ಸನದು ಅಂದರೆ ವಕೀಲಿ ಮಾಡುವ ಪರವಾನಗಿ.) ನಡೆಯುವುದಿಲ್ಲ. ಆದರೆ ಅಷ್ಟು ಹೇಳಿ ಕಳಿಸಿದರೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತದೆ. ಅದಕ್ಕೇ ಈ ಬರಹ.

ಹಿನ್ನೆಲೆ

ಅಕ್ಕ ಬಿಎ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದವರು. 2015ರಲ್ಲಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ಬರೆಸಿಕೊಂಡರು. ಆಮೇಲೆ ಏಳು ವರ್ಷ ಒಂದೇ ಸೀನಿಯರ್ ಹತ್ತಿರ ಕೆಲಸ. ಸಿವಿಲ್ ಜಾಸ್ತಿ.

ನಮ್ಮ ಕಡೆಯ ಸಿವಿಲ್ ಅಂದರೆ ಬೇರೆಯೇ ಲೋಕ. ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ಹಕ್ಕು ಇಳಿಯುವ ಕುಟುಂಬದ ಪಾಲಿನ ದಾವೆ ಬಂದರೆ ಮೊದಲು ಯಾವ ಕವರಿನವರು (ತಾಯಿ ಕಡೆಯ ಕವಲು) ಯಾರು ಎಂದು ಚಾರ್ಟ್ ಬರೆಯಬೇಕು. ಮೂಲಗೇಣಿ (ಶಾಶ್ವತ ಗೇಣಿ) ಚೀಟು ಬಂದರೆ ನೂರು ವರ್ಷದ ಹಿಂದಿನ ಕೈಬರಹ ಓದಬೇಕು. ಇನ್ನು ಕುಮ್ಕಿ. ವರ್ಗ ಜಾಗದ (ಕಂದಾಯ ಕಟ್ಟುವ ಸ್ವಂತ ಹಿಡುವಳಿಯ) ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ಅದು. ಇದರ ಮಾತು ಬರುವುದು 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ. ಘಟ್ಟ ಹತ್ತಿದರೆ ಎಷ್ಟೋ ವಕೀಲರಿಗೆ ಆ ಪದವೇ ಗೊತ್ತಿಲ್ಲ. ಅಕ್ಕನಿಗೆ ಅದು ಅನ್ನ ಕೊಡುವ ವಿದ್ಯೆ. ಜೊತೆಗೆ ಒಂದೆರಡು ಬ್ಯಾಂಕುಗಳಿಗೆ ಸಾಲದ ಜಾಗದ ಮೇಲೆ ಲೀಗಲ್ ಒಪೀನಿಯನ್ ಬರೆದು ಕೊಡುತ್ತಿದ್ದರು. ಈ ಒಪೀನಿಯನ್ ವಿಷಯ ನೆನಪಿಡಿ, ಮುಂದೆ ಬರುತ್ತದೆ.

2022ರ ಮಧ್ಯದಲ್ಲಿ ಗಂಡನ ಅರ್ಜಿಯ ಮೇಲೆ ಇಡೀ ಕುಟುಂಬಕ್ಕೆ ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಬಂತು. ಗಂಡ ಸಾಫ್ಟ್‌ವೇರ್. ಅವರ ಅನುಭವ ವಿಮಾನದಲ್ಲಿ ಅವರ ಜೊತೆಗೇ ಹೋಗುತ್ತದೆ. ಅಕ್ಕನದ್ದು ಹಾಗಲ್ಲ ಎಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ಛೇಂಬರಿನಲ್ಲಿ ನಮಗೂ ಹೊಳೆದಿರಲಿಲ್ಲ.

ಮೊದಲ ಗೊಂದಲ

ಪಿಆರ್ ಅರ್ಜಿಗಾಗಿ ಅಕ್ಕನ ಡಿಗ್ರಿಗಳನ್ನು ಡಬ್ಲ್ಯುಇಎಸ್ ಎಂಬ ಸಂಸ್ಥೆಯಲ್ಲಿ ಮೌಲ್ಯಮಾಪನ ಮಾಡಿಸಿದ್ದರು. ಆ ವರದಿ ಕೈಯಲ್ಲಿತ್ತು. "ಡಿಗ್ರಿ ಅಲ್ಲಿಯದ್ದಕ್ಕೆ ಸಮ ಅಂತ ಬರೆದು ಕೊಟ್ಟಿದ್ದಾರಲ್ಲ, ಇನ್ನೆಂತ?" ಎಂದು ಅಕ್ಕ ನಿಶ್ಚಿಂತೆಯಲ್ಲಿದ್ದರು.

ಆ ವರದಿ ವಲಸೆ ಇಲಾಖೆಯ ಅಂಕಕ್ಕೆ ಮಾತ್ರ. ವಕೀಲಿಗೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಹೊರದೇಶದಲ್ಲಿ ಕಾನೂನು ಓದಿದವರ ಅರ್ಹತೆ ನೋಡುವುದು ಎನ್‌ಸಿಎ, ಅಂದರೆ ನ್ಯಾಷನಲ್ ಕಮಿಟಿ ಆನ್ ಅಕ್ರೆಡಿಟೇಶನ್. ಕೆನಡಾದ ಎಲ್ಲ ಪ್ರಾಂತ್ಯಗಳ ವಕೀಲರ ಮಂಡಳಿಗಳ ಒಕ್ಕೂಟದ ಅಡಿಯಲ್ಲಿ ಅದು ಕೆಲಸ ಮಾಡುತ್ತದೆ. ಅವರು ನಮ್ಮ ಓದನ್ನು ನೋಡಿ ಯಾವ ಯಾವ ವಿಷಯದಲ್ಲಿ ಪರೀಕ್ಷೆ ಬರೆಯಬೇಕು ಎಂದು ಪಟ್ಟಿ ಕೊಡುತ್ತಾರೆ. ಅದೆಲ್ಲ ಮುಗಿದ ಮೇಲೆ ಒಂದು ಅರ್ಹತಾ ಪತ್ರ. ಅದು ಸಿಕ್ಕಿದರೂ ವಕೀಲರಾದ ಹಾಗಲ್ಲ. ಪ್ರಾಂತ್ಯದ ಮಂಡಳಿಯ ಬಾಗಿಲಿಗೆ ಹೋಗುವ ಯೋಗ್ಯತೆ ಬಂತು ಅಷ್ಟೆ. ಅಲ್ಲಿ ಮತ್ತೆ ಪರೀಕ್ಷೆ, ಮತ್ತೆ ತರಬೇತಿ.

ಇದು ಗೊತ್ತಾದ ವಾರ ಅಕ್ಕ ಕೋರ್ಟಿಗೆ ಬಂದರೂ ಯಾರಲ್ಲೂ ಸರಿಯಾಗಿ ಮಾತಾಡಲಿಲ್ಲ.

ಸಲಹೆ ಕೊಡುವವರಿಗೇನು ಬರವಿಲ್ಲ. ಅಲ್ಲೇ ಇರುವ ಸಂಬಂಧಿಕರೊಬ್ಬರು "ಮೊದಲು ಬನ್ನಿ, ಆಮೇಲೆ ನೋಡುವಾ" ಎಂದರು. ಮಂಗಳೂರಿನ ಒಬ್ಬ ಏಜೆಂಟರು ಎರಡು ವರ್ಷದ ಪ್ಯಾರಾಲೀಗಲ್ ಡಿಪ್ಲೊಮಾ ಮಾಡಿ ಎಂದು ಬ್ರೋಷರ್ ಕೊಟ್ಟರು. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಪ್ಯಾರಾಲೀಗಲ್‌ಗೂ (ವಕೀಲರಿಗಿಂತ ಕೆಳಗಿನ ಹಂತದ ಕಾನೂನು ವೃತ್ತಿಯವರು) ಲೈಸೆನ್ಸ್ ಇದೆ, ಅದು ನಿಜ. ಆದರೆ ಏಳು ವರ್ಷ ಪಾಟೀಸವಾಲು ಮಾಡಿದವರು ಆ ಮೆಟ್ಟಿಲಿನಿಂದ ಶುರು ಮಾಡಬೇಕಾಗಿರಲಿಲ್ಲ. ಅದೇ ಏಜೆಂಟರು ಎಲ್ಲ ಮಾರ್ಕ್ಸ್ ಕಾರ್ಡಿಗೂ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಒಂದು ಅಂತಾರಾಷ್ಟ್ರೀಯ ಒಪ್ಪಂದದ ದೇಶಗಳು ಒಪ್ಪುವ ಮುದ್ರೆ) ಹಾಕಿಸಿ ದುಡ್ಡು ತೆಗೆದುಕೊಂಡರು. ಎನ್‌ಸಿಎ ಅದನ್ನು ಕೇಳಿಯೇ ಇರಲಿಲ್ಲ. ಅಷ್ಟೇ ಅಲ್ಲ, ಭಾರತ ಆ ಒಪ್ಪಂದದಲ್ಲಿ 2005ರಿಂದ ಇದೆಯಾದರೂ ಕೆನಡಾದಲ್ಲಿ ಅದು ಜಾರಿಗೆ ಬಂದದ್ದು 2024ರ ಜನವರಿಯಲ್ಲಿ. ಅಂದರೆ ಆ ದೇಶ ಒಪ್ಪಿಕೊಳ್ಳುವ ಒಂದೂವರೆ ವರ್ಷ ಮೊದಲೇ ನಾವು ಮುದ್ರೆ ಹೊಡೆಸಿ ಕೂತಿದ್ದೆವು!

ಕಾಗದ ಪತ್ರದಲ್ಲಿ ಹೋದ ನಾಲ್ಕು ತಿಂಗಳು

ಸೆಪ್ಟೆಂಬರಿನಲ್ಲಿ ಎನ್‌ಸಿಎಗೆ ಅರ್ಜಿ ಹೋಯಿತು. ಇಲ್ಲಿ ಎರಡು ತಪ್ಪಾಯಿತು. ಎರಡೂ ನಮ್ಮದೇ.

ಒಂದು, ಅಕ್ಕ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಪಡೆದು, ಮುಚ್ಚಿದ ಲಕೋಟೆಯನ್ನು ತೆರೆಯದೆ ತಾವೇ ಕೊರಿಯರ್ ಮಾಡಿದರು. ನಮ್ಮ ಲೆಕ್ಕದಲ್ಲಿ ಮೊಹರು ಇದ್ದರೆ ಸಾಕು. ಅವರ ಲೆಕ್ಕದಲ್ಲಿ ಅರ್ಜಿದಾರರ ಕೈ ದಾಟಿ ಬಂದದ್ದು ಲೆಕ್ಕಕ್ಕಿಲ್ಲ. ವಿಶ್ವವಿದ್ಯಾಲಯ ನೇರವಾಗಿ ಕಳಿಸಬೇಕು. ವಕೀಲರ ಪರಿಷತ್ತಿನ ಗುಡ್ ಸ್ಟ್ಯಾಂಡಿಂಗ್ ಪತ್ರವೂ (ವೃತ್ತಿಯಲ್ಲಿ ಕಳಂಕವಿಲ್ಲ ಎನ್ನುವ ಪತ್ರ) ಹಾಗೇ. ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಕಾಯುವುದು.

ಎರಡನೆಯದು ಹೆಸರು. ಎಸ್‌ಎಸ್‌ಎಲ್‌ಸಿಯಿಂದ ಎಲ್‌ಎಲ್‌ಬಿವರೆಗೆ ಅಕ್ಕನ ಹೆಸರಿನ ಮುಂದೆ ಒಂದು ಇನಿಶಿಯಲ್ ಮಾತ್ರ. ಸನದಿನಲ್ಲಿ ತಂದೆಯ ಹೆಸರು ಪೂರ್ತಿ. ಪಾಸ್‌ಪೋರ್ಟಿನಲ್ಲಿ ಗಂಡನ ಮನೆತನದ ಹೆಸರು. ನಮಗೆ ಇದು ಮೂರೂ ಒಬ್ಬರೇ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ದಕ್ಷಿಣ ಕನ್ನಡದ ಇನಿಶಿಯಲ್ ಸಂಪ್ರದಾಯ ಗೊತ್ತಿಲ್ಲದ ಗುಮಾಸ್ತರಿಗೆ ಅದು ಮೂರು ಜನ. ಮದುವೆ ನೋಂದಣಿ ಪತ್ರ, ನೋಟರಿ ಅಫಿಡವಿಟ್ ಕಳಿಸಿದ ಮೇಲೆ ಸರಿಯಾಯಿತು. ದಿನಾ ಬೇರೆಯವರಿಗೆ 'ಒಬ್ಬಳೇ ವ್ಯಕ್ತಿ' ಎಂದು ಅಫಿಡವಿಟ್ ಮಾಡಿಕೊಡುವ ನಾವು ನಮ್ಮ ಅಕ್ಕನಿಗೆ ಅದನ್ನು ಮೊದಲೇ ಮಾಡಲಿಲ್ಲ ನೋಡಿ.

ವರದಿ ಬಂದದ್ದು 2023ರ ಮಾರ್ಚಿನಲ್ಲಿ. ಕಡ್ಡಾಯದ ಐದು ವಿಷಯ: ಕೆನಡಾದ ಸಂವಿಧಾನ, ಆಡಳಿತ ಕಾನೂನು, ಕ್ರಿಮಿನಲ್ ಕಾನೂನು, ಕೆನಡಾ ಕಾನೂನಿನ ಬುನಾದಿ, ವೃತ್ತಿ ಹೊಣೆಗಾರಿಕೆ. ಜೊತೆಗೆ ಕಾನೂನು ಸಂಶೋಧನೆ ಮತ್ತು ಬರವಣಿಗೆಯ ಒಂದು ಕೋರ್ಸ್. ಇದರ ಮೇಲೆ ಇನ್ನೊಂದು ವಿಷಯ ಹೆಚ್ಚುವರಿ ಸೇರಿಸಿದ್ದರು. ಆಸ್ತಿ ಕಾನೂನು.

"ಏಳು ವರ್ಷ ಬರೀ ಜಾಗದ ಕೇಸು ಮಾಡಿದ್ದು ನಾನು," ಎಂದು ಅಕ್ಕ ನಗಾಡಿದರು. ಬಹಳ ದಿನದ ಮೇಲೆ ನಕ್ಕದ್ದು ಅದು.

ದೊಡ್ಡ ತೀರ್ಮಾನ

ವರದಿ ಬರುವ ಮೊದಲೇ, ಜನವರಿಯಲ್ಲಿ, ಮೂವರೂ ಟೊರಾಂಟೊಗೆ ಹೋಗಿ ಇಳಿದಿದ್ದರು. ಪಿಆರ್ ಅವಧಿಯೊಳಗೆ ಕಾಲಿಡಲೇಬೇಕಿತ್ತು. ಮೂರು ವಾರ ಇದ್ದರು. ಗಂಡ ಅಲ್ಲೇ ಕೆಲಸಕ್ಕೆ ಸೇರಿದರು. ಅಕ್ಕ ಮಗುವಿನ ಜೊತೆ ಉಡುಪಿಗೆ ವಾಪಸ್ ಬಂದರು.

ಈ ವಾಪಸ್ ಬಂದದ್ದೇ ಇಡೀ ಪ್ರಕರಣದ ತಿರುವು ಎಂದು ನನಗೆ ಅನ್ನಿಸುತ್ತದೆ. ಮನೆಯಲ್ಲಿ ಜಗಳವಾಯಿತು. ಗಂಡ ಒಬ್ಬರೇ ಅಲ್ಲಿ, ಸಂಸಾರ ಇಲ್ಲಿ, ಊರವರ ಬಾಯಿಗೆ ಬೇರೆ ಅವಲಕ್ಕಿ. ಅತ್ತೆ ಮಾತ್ರ ಅಕ್ಕನ ಪರ ನಿಂತರು. "ಅವಳು ಅಲ್ಲಿ ಹೋಗಿ ಅಂಗಡಿಯಲ್ಲಿ ಬಿಲ್ ಹಾಕುದಾದರೆ ಇಷ್ಟು ಓದಿದ್ದು ಯಾಕೆ?" ಅಂದರಂತೆ.

ಅಕ್ಕನ ಲೆಕ್ಕ ಸರಳವಾಗಿತ್ತು. ಎನ್‌ಸಿಎ ಪರೀಕ್ಷೆ ಈಗ ಆನ್‌ಲೈನ್. ಉಡುಪಿಯಿಂದಲೂ ಬರೆಯಬಹುದು. ಅಲ್ಲಿ ಹೋದರೆ ಬಾಡಿಗೆ, ಡೇಕೇರ್ ಖರ್ಚಿಗಾಗಿ ಸಿಕ್ಕಿದ ಕೆಲಸಕ್ಕೆ ಸೇರಬೇಕು. ಸೇರಿದರೆ ಓದು ಹಿಂದೆ ಬೀಳುತ್ತದೆ. ಇಲ್ಲಿ ಮಗುವನ್ನು ನೋಡಲು ಅತ್ತೆ ಇದ್ದಾರೆ, ಬೆಳಿಗ್ಗೆ ಕೋರ್ಟು, ಸಂಜೆ ಓದು. ಎಲ್‌ಎಲ್‌ಎಂ ಮಾಡಿ ಇದೇ ವಿಷಯಗಳನ್ನು ಅಲ್ಲಿನ ಲಾ ಸ್ಕೂಲಿನಲ್ಲಿ ಮುಗಿಸುವ ದಾರಿಯೂ ಇದೆ. ಅದಕ್ಕೆ ಲಕ್ಷಗಟ್ಟಲೆ ಬೇಕು. ಅಷ್ಟು ಸಾಲ ಅವರಿಗೆ ಬೇಡವಾಗಿತ್ತು.

ಇನ್ನೊಂದು ಲಾಭ ಆಗ ಯಾರಿಗೂ ಕಾಣಲಿಲ್ಲ. ಹದಿನೈದು ತಿಂಗಳು ಸಿಕ್ಕಿದ್ದರಿಂದ ಕಕ್ಷಿದಾರರನ್ನು ಅರ್ಧದಲ್ಲಿ ಬಿಡಬೇಕಾಗಲಿಲ್ಲ. ಒಂದೊಂದೇ ಕಟ್ಟು ಬಿಚ್ಚಿ, ಕಕ್ಷಿದಾರರನ್ನು ಕರೆಸಿ ಮಾತಾಡಿ, ನಿರಾಕ್ಷೇಪಣೆ ಬರೆದು ವಕಾಲತ್ತು ಬದಲಿಸಿದರು. ಸುಮ್ನೆ ಫೈಲ್ ದಾಟಿಸುವ ಕೆಲಸ ಅಲ್ಲ ಅದು. ಒಬ್ಬ ಅಜ್ಜಿ ಮೂರು ಸಲ ಬಂದು ಅತ್ತು ಹೋದರು.

ಫೇಲಾದದ್ದು

ಮೊದಲ ಸರದಿಗೆ ಎರಡು ವಿಷಯ ಬರೆದರು. ಬುನಾದಿ ಪಾಸು. ಸಂವಿಧಾನ ಫೇಲು. ಪಾಸಾಗಲು ನೂರಕ್ಕೆ ಐವತ್ತು ಸಾಕು, ಪುಸ್ತಕ ತೆರೆದಿಟ್ಟೇ ಬರೆಯುವುದು, ಮೂರು ಗಂಟೆ ಸಮಯ. ಹೀಗಿದ್ದೂ ಫೇಲು.

ವಿಷಯ ಗೊತ್ತಿಲ್ಲದೆ ಅಲ್ಲ. ನಮ್ಮ ಸಂವಿಧಾನ ಓದಿದವರಿಗೆ ಅವರದ್ದು ಪರಕೀಯವೇನಲ್ಲ. 1867ರ ಕಾಯ್ದೆಯ 91, 92ನೇ ಕಲಂಗಳಲ್ಲಿ ಕೇಂದ್ರಕ್ಕೆ ಯಾವುದು, ಪ್ರಾಂತ್ಯಕ್ಕೆ ಯಾವುದು ಎಂದು ಹಂಚಿದ್ದಾರೆ. ನಮ್ಮ ಏಳನೇ ಅನುಸೂಚಿಯ ದೊಡ್ಡಣ್ಣ ಅಂತಲೇ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ ಅಧಿಕಾರ ಎರಡೂ ಕಡೆ ಕೇಂದ್ರಕ್ಕೇ. ಹಕ್ಕುಗಳಿಗೆ 1982ರ ಚಾರ್ಟರ್. ಹಕ್ಕಿಗೆ ಸರ್ಕಾರ ಹಾಕಿದ ಮಿತಿ ಸರಿಯೇ ಎಂದು ಅಳೆಯಲು 1986ರ ಓಕ್ಸ್ ತೀರ್ಪಿನ ಪರೀಕ್ಷೆ. ಆ ತೀರ್ಪನ್ನು ನಮ್ಮ ಸುಪ್ರೀಂ ಕೋರ್ಟೂ 2016ರಲ್ಲಿ ಮಾಡರ್ನ್ ಡೆಂಟಲ್ ಕಾಲೇಜ್ ಪ್ರಕರಣದಲ್ಲಿ ಎತ್ತಿಕೊಂಡಿದೆ. ಅಕ್ಕ ಇದೆಲ್ಲವನ್ನೂ ಬಾಯಿಪಾಠ ಹೇಳುತ್ತಿದ್ದರು.

ಹಾಗಾದರೆ ತಪ್ಪಿದ್ದು ಎಲ್ಲಿ? ಅಕ್ಕ ಮನೆಯಲ್ಲಿ ಬರೆದ ಒಂದು ಅಭ್ಯಾಸದ ಉತ್ತರವನ್ನು ಸೀನಿಯರಿಗೆ ತೋರಿಸಿದರು. ಸೀನಿಯರ್‌ಗೆ ಎಪ್ಪತ್ತರ ಹತ್ತಿರ. ಕೆನಡಾದ ಕಾನೂನು ಅವರಿಗೆ ಒಂದಕ್ಷರ ಗೊತ್ತಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಎರಡು ಪುಟ ಓದಿ, ಹಾಳೆ ಮೇಜಿನ ಮೇಲಿಟ್ಟರು.

"ನೀನು ಇದರಲ್ಲಿ ವಾದ ಮಾಡಿದ್ದಿ ಮಾರಾಯ್ತಿ. ವಾದಿ ಪರ ಮಾತ್ರ. ಎದುರಿನವನು ಎಲ್ಲಿ?"

"ಸರ್, ಪ್ರಶ್ನೆಯಲ್ಲಿ ಅವರ ಕೇಸ್ ವೀಕ್ ಉಂಟು."

"ವೀಕ್ ಉಂಟು ಅಂತ ಬರಿಬೇಕಲ್ಲ. ಬ್ಯಾಂಕಿಗೆ ಒಪೀನಿಯನ್ ಬರೆಯುವಾಗ ಹೀಗೆ ಬರೀತಿಯಾ?"

ಅಷ್ಟೇ ಮಾತು. ಬ್ಯಾಂಕಿನ ಒಪೀನಿಯನ್‌ನಲ್ಲಿ ನಾವು ಯಾರ ಪರವೂ ಅಲ್ಲ. ಜಾಗಕ್ಕೆ ಹಕ್ಕು ಹೇಗೆ ಬಂತು, ಎಲ್ಲಿ ಕೊಂಡಿ ತಪ್ಪಿದೆ, ಎದುರು ಯಾರು ಬರಬಹುದು, ಬಂದರೆ ಎಷ್ಟು ಗಟ್ಟಿ, ಕೊನೆಗೆ ಸಾಲ ಕೊಡಬಹುದೇ. ಎನ್‌ಸಿಎ ಪ್ರಶ್ನೆಯೂ ಹಾಗೇ. ಒಂದು ಕಥೆ ಕೊಡುತ್ತಾರೆ, 'ಕಕ್ಷಿದಾರರಿಗೆ ಸಲಹೆ ಕೊಡಿ' ಎನ್ನುತ್ತಾರೆ. ಅಕ್ಕ ಅರ್ಧ ಉತ್ತರ ಕಾಲೇಜಿನ 'ಟಿಪ್ಪಣಿ ಬರೆಯಿರಿ' ತರಹ, ಉಳಿದರ್ಧ ಕೋರ್ಟಿನ ವಾದದ ತರಹ ಬರೆಯುತ್ತಿದ್ದರು. ಸಲಹೆ ಅದರಲ್ಲಿ ಇರಲೇ ಇಲ್ಲ.

ಮರುದಿನದಿಂದ ಓದುವ ಕ್ರಮವೇ ಬದಲಾಯಿತು. ಪುಸ್ತಕ ಓದುವುದು ಕಡಿಮೆ, ಉತ್ತರ ಬರೆಯುವುದು ಜಾಸ್ತಿ. ವಾರಕ್ಕೆ ಎರಡು ಉತ್ತರ, ಗಡಿಯಾರ ಇಟ್ಟು. ನಾನು ಎದುರಿನ ಪಕ್ಷ. ನನಗೆ ಸಂಬಂಧವೇ ಇಲ್ಲದ ದೇಶದ ಆಡಳಿತ ಕಾನೂನಿನಲ್ಲಿ 2019ರ ವಾವಿಲೊವ್ ತೀರ್ಪು ಏನು ಹೇಳುತ್ತದೆ ಎಂದು ಇವತ್ತಿಗೂ ಹೇಳಬಲ್ಲೆ.

ಮಳೆಗಾಲದ ಸರದಿಯಲ್ಲಿ ಬೇರೆ ಕಷ್ಟ. ಉಡುಪಿಯ ಜುಲೈ, ಆಗಸ್ಟ್ ನಿಮಗೆ ಗೊತ್ತೇ ಇದೆ, ಕರೆಂಟ್ ಯಾವಾಗ ಹೋಗುತ್ತದೆ ಹೇಳಲಿಕ್ಕೆ ಬರುವುದಿಲ್ಲ. ಅದಕ್ಕೆ ಮಂಗಳೂರಿನ ತಮ್ಮನ ಫ್ಲ್ಯಾಟಿಗೆ ಹೋದರು, ಅಲ್ಲಿ ಜನರೇಟರ್ ಇತ್ತು. ಪರೀಕ್ಷೆ ಶುರುವಾಗುವ ಮೊದಲು ದೂರದಿಂದ ನಿಗಾ ಇಡುವವರು ಕ್ಯಾಮೆರಾದಲ್ಲಿ ಕೋಣೆಯ ನಾಲ್ಕೂ ಗೋಡೆ ತೋರಿಸಲು ಹೇಳಿದರು. ಗೋಡೆಯಲ್ಲಿ ತೂಗು ಹಾಕಿದ್ದ ಕನ್ನಡ ಕ್ಯಾಲೆಂಡರ್ ತೆಗೆಸಿದರು. ಬಾಗಿಲ ಹೊರಗೆ ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಮೂರು ಗಂಟೆ ನೆಲದ ಮೇಲೆ ಕೂತಿದ್ದರು. ಆ ಸರದಿಯಲ್ಲಿ ಸಂವಿಧಾನ, ಕ್ರಿಮಿನಲ್ ಎರಡೂ ಪಾಸು.

ಆಸ್ತಿ ಕಾನೂನಿನ ಬಗ್ಗೆ ಒಂದು ಮಾತು. ಅಕ್ಕನಿಗೆ ಅತಿ ಸುಲಭ ಎಂದುಕೊಂಡಿದ್ದೆವು. ಅದೇ ಜಾಸ್ತಿ ಕಾಡಿತು. ನಮ್ಮಲ್ಲಿ ನೋಂದಣಿ ಎಂದರೆ ದಸ್ತಾವೇಜಿನ ನೋಂದಣಿ, ಹಕ್ಕಿನದ್ದಲ್ಲ. ಅದಕ್ಕೇ ಮೂಲಪತ್ರ, ಇಸಿ (ಋಣಭಾರ ಪತ್ರ), ಪಹಣಿ ಎಲ್ಲ ಜಾಲಾಡುತ್ತೇವೆ. ಒಂಟಾರಿಯೊದಲ್ಲಿ ಈಗ ಹೆಚ್ಚುಕಡಿಮೆ ಎಲ್ಲ ಜಾಗವೂ ಲ್ಯಾಂಡ್ ಟೈಟಲ್ಸ್ ಪದ್ಧತಿಯಲ್ಲಿದೆ. ಸರ್ಕಾರದ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರಿಗೇ ಹಕ್ಕು, ಅದಕ್ಕೆ ಸರ್ಕಾರದ ಖಾತರಿ. ಹನ್ನೆರಡು ವರ್ಷ ಬೇಲಿ ಹಾಕಿ ಕೂತು ಪ್ರತಿಕೂಲ ಸ್ವಾಧೀನ ಎನ್ನುವ ನಮ್ಮ ವಾದಕ್ಕೆ ಅಲ್ಲಿ ಹೊಸದಾಗಿ ನೆಲೆಯಿಲ್ಲ. ಗೊತ್ತಿದ್ದದ್ದನ್ನು ಮರೆಯುವುದು ಹೊಸದು ಕಲಿಯುವುದಕ್ಕಿಂತ ಕಷ್ಟವಾಯಿತು.

ಸನದು ಏನು ಮಾಡುವುದು?

ಹೊರಡುವ ಮುಂಚೆ ಸನದು ಸಸ್ಪೆಂಡ್ ಮಾಡಿಸಿ ಹೋಗಬೇಕು ಎಂದು ಬಾರ್ ಅಸೋಸಿಯೇಶನ್‌ನಲ್ಲಿ ಯಾರೋ ಹೇಳಿದ್ದರು. ಅಕ್ಕ ಅರ್ಜಿ ಟೈಪ್ ಮಾಡಿಯೂ ಆಗಿತ್ತು. ಸೀನಿಯರ್ ತಡೆದರು. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದಾಗ ಪರಿಷತ್ತಿಗೆ ತಿಳಿಸಿ ವೃತ್ತಿ ನಿಲ್ಲಿಸಬೇಕು ಎನ್ನುವುದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮ. ವಿಮಾನ ಹತ್ತಿದ್ದಕ್ಕೆ ಅಲ್ಲ. ಮೇಲಾಗಿ ಒಂಟಾರಿಯೊ ಮಂಡಳಿಗೂ ಗುಡ್ ಸ್ಟ್ಯಾಂಡಿಂಗ್ ಪತ್ರ ಬೇಕಾಗುತ್ತದೆ. ಚಾಲ್ತಿಯಲ್ಲಿರುವ ಸನದಿನ ಮೇಲೆ ಅದನ್ನು ಪಡೆಯುವುದು ಸುಲಭ. ಅಕ್ಕ ಅಲ್ಲಿ ಕೆಲಸಕ್ಕೆ ಸೇರಿದ ಮೇಲೆಯೇ ಇಲ್ಲಿಗೆ ತಿಳಿಸಿದರು.

ಪಿಆರ್ ಇದ್ದರೆ ಭಾರತದ ಪೌರತ್ವ ಹೋಗುವುದಿಲ್ಲ, ಹಾಗಾಗಿ ಇಲ್ಲಿನ ಯಾದಿಯಲ್ಲಿ ಹೆಸರು ಉಳಿಯಲು ತೊಂದರೆಯಿಲ್ಲ. ಕೆನಡಾದ ಪೌರತ್ವ ತೆಗೆದುಕೊಂಡರೆ ಮಾತು ಬೇರೆ. 1961ರ ವಕೀಲರ ಕಾಯ್ದೆಯ 24ನೇ ಕಲಂ ಮೊದಲು ಕೇಳುವುದೇ ಭಾರತದ ಪೌರತ್ವ. ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದವರಿಗೆ 2021ರ ಕೇಂದ್ರದ ಅಧಿಸೂಚನೆಯಲ್ಲಿ ವಕೀಲಿಯ ಮಾತು ಇದೆ, ಅದೂ ಆಯಾ ಕಾಯ್ದೆಗೆ ಒಳಪಟ್ಟು. ಅಕ್ಕ ಆ ತೀರ್ಮಾನ ಇನ್ನೂ ತೆಗೆದುಕೊಂಡಿಲ್ಲ.

ಒಂಟಾರಿಯೊದಲ್ಲಿ

2024ರ ಏಪ್ರಿಲ್‌ನಲ್ಲಿ ಅರ್ಹತಾ ಪತ್ರ ಹಿಡಿದುಕೊಂಡೇ ಹೋದರು. ಆಗಸ್ಟಿನಲ್ಲಿ ಮನೆ ಮಾರಾಟದ ಕಾಗದ ಪತ್ರ ನೋಡುವ ಸಣ್ಣ ಕಚೇರಿಯಲ್ಲಿ ಲಾ ಕ್ಲರ್ಕ್ ಆದರು. ಬಾರಿಸ್ಟರ್, ಸಾಲಿಸಿಟರ್ ಎರಡೂ ಪರೀಕ್ಷೆ ಬರೆದರು. ಇವೂ ಪುಸ್ತಕ ತೆರೆದಿಟ್ಟೇ, ಆದರೆ ಬಹು ಆಯ್ಕೆಯ ಪ್ರಶ್ನೆ. ಓದಲು ಕೊಡುವ ಹಾಳೆಗಳ ರಾಶಿಯಲ್ಲಿ ಉತ್ತರ ಯಾವ ಪುಟದಲ್ಲಿದೆ ಎಂದು ಥಟ್ಟನೆ ಹುಡುಕಬೇಕು. ಕೋರ್ಟಿನಲ್ಲಿ ಜಡ್ಜ್ ಕೇಳಿದ ಕೂಡಲೇ ಕಟ್ಟಿನಿಂದ ನಿಶಾನೆ ನಂಬರ್ (ದಾಖಲೆಯ ಗುರುತಿನ ಸಂಖ್ಯೆ) ತೆಗೆದು ತೋರಿಸಿದ ಅಭ್ಯಾಸ ಕೈ ಹಿಡಿಯಿತು. ಎರಡೂ ಒಂದೇ ಸಲಕ್ಕೆ ಪಾಸು.

ಉಳಿದದ್ದು ತರಬೇತಿ. ಆರ್ಟಿಕ್ಲಿಂಗ್ (ಒಬ್ಬ ವಕೀಲರ ಕೈಕೆಳಗೆ ತರಬೇತಿ) ಮಾಡಬೇಕು, ಇಲ್ಲವೇ ನಾಲ್ಕು ತಿಂಗಳ ಪಾಠ, ನಾಲ್ಕು ತಿಂಗಳ ಕೆಲಸ ಇರುವ ಎಲ್‌ಪಿಪಿ ಸೇರಬೇಕು. ಆದರೆ ನಮ್ಮ ಹಾಗೆ ಕಾಮನ್ ಲಾ (ಇಂಗ್ಲೆಂಡ್ ಮೂಲದ ಕಾನೂನು ಪದ್ಧತಿ) ಇರುವ ದೇಶದಲ್ಲಿ ಹತ್ತು ತಿಂಗಳಾದರೂ ವಕೀಲಿ ಮಾಡಿದವರು ವಿನಾಯಿತಿ ಕೇಳಬಹುದು. ಕೇಳಿದರು. ಸೀನಿಯರ್ ಒಂದು ಪತ್ರ ಕೊಟ್ಟರು: 'ಶ್ರಮಜೀವಿ, ಪ್ರಾಮಾಣಿಕರು, ಉತ್ತಮ ನಡತೆಯವರು.' ಅರ್ಧ ಪುಟ. ನಾವು ಎಲ್ಲರಿಗೂ ಬರೆದು ಕೊಡುವ ಪತ್ರ.

ಅಕ್ಕ ರಾತ್ರಿ ಫೋನ್ ಮಾಡಿ ಹೇಳಿದರು, "ಇದರಲ್ಲಿ ನಾನು ಏನು ಮಾಡಿದ್ದೇನೆ ಅಂತ ಒಂದು ಸಾಲೂ ಇಲ್ಲ." ಅವರ ಹಳೇ ಕೇಸ್ ಡೈರಿಗಳು ಛೇಂಬರಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಗೆದ್ದಲು ಹಿಡಿದಿರಲಿಲ್ಲ, ಪುಣ್ಯ. ಮೂರು ಭಾನುವಾರ ಕೂತು ತೆಗೆದೆ: ಬರೆದ ದಾವೆ ಪತ್ರ ಎಷ್ಟು, ಮಾಡಿದ ಪಾಟೀಸವಾಲು ಎಷ್ಟು, ರಾಜಿಗೆ ತಂದದ್ದು ಯಾವುದು, ಕಕ್ಷಿದಾರರಿಗೆ ಬೇಡ ಎಂದು ಹೇಳಿ ಕಳಿಸಿದ್ದು ಯಾವುದು. ಸೀನಿಯರ್ ಒಂದೊಂದನ್ನೂ ನೋಡಿ, ನೆನಪಿಲ್ಲದ್ದನ್ನು ಹೊಡೆದು ಹಾಕಿ, ನಾಲ್ಕು ಪುಟಕ್ಕೆ ಸಹಿ ಮಾಡಿದರು. ವಿನಾಯಿತಿ ಸಿಕ್ಕಿತು. 2025ರ ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕ ಒಂಟಾರಿಯೊದ ವಕೀಲೆ.

ಈಗ ಹಿಂದೆ ನೋಡಿದರೆ

ಅಕ್ಕನೂ ನಾನೂ ಒಂದು ವಿಷಯದಲ್ಲಿ ಒಪ್ಪುವುದಿಲ್ಲ. ವಿನಾಯಿತಿ ತೆಗೆದುಕೊಂಡದ್ದು ತಪ್ಪಾಯಿತು ಎನ್ನುತ್ತಾರೆ ಅವರು. ಲೈಸೆನ್ಸ್ ಬಂತು, ಆದರೆ ಅಲ್ಲಿ ಗೊತ್ತಿರುವ ವಕೀಲರು ಯಾರೂ ಇಲ್ಲ. ಲೈಸೆನ್ಸ್ ಇಟ್ಟುಕೊಂಡು ಐದು ತಿಂಗಳು ಕ್ಲರ್ಕ್ ಕೆಲಸವನ್ನೇ ಮಾಡಬೇಕಾಯಿತು. ತರಬೇತಿಗೆ ಹೋಗಿದ್ದರೆ ನಾಲ್ಕು ಜನರ ಪರಿಚಯವಾಗುತ್ತಿತ್ತು ಎಂದು ಅವರ ವಾದ. ಒಂದು ಸಂಬಳ, ಸಣ್ಣ ಮಗು, ಟೊರಾಂಟೊದ ಬಾಡಿಗೆ ಇದೆಲ್ಲ ಇರುವಾಗ ಇನ್ನೊಂದು ವರ್ಷ ತರಬೇತಿ ಎಂದಿದ್ದರೆ ಮಧ್ಯದಲ್ಲೇ ಕೈಬಿಡುತ್ತಿದ್ದರೋ ಏನೋ ಎಂದು ನನ್ನ ಅನುಮಾನ. ಮದುವೆಯಾಗದ, ಸಾಲವಿಲ್ಲದ ಹುಡುಗ ಹುಡುಗಿಯರಾದರೆ ಅಕ್ಕನ ಮಾತೇ ಸರಿ ಇರಬಹುದು.

ಇಬ್ಬರೂ ಒಪ್ಪುವುದು ಬೇರೆ ಕಡೆ. ಕೇಸ್ ಡೈರಿ ಇಡಿ, ವಿವರವಾಗಿ ಬರೆಯಿರಿ, ಹೋಗುವಾಗ ಅದರ ಫೋಟೊ ತೆಗೆದುಕೊಂಡು ಹೋಗಿ. ಹೆಸರಿನ ಗೊಂದಲವನ್ನು ಪಾಸ್‌ಪೋರ್ಟ್ ಮಾಡಿಸುವ ದಿನವೇ ಬಗೆಹರಿಸಿ. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಎನ್‌ಸಿಎಯ ನಿಯಮವನ್ನು ಒಂದು ಸಲ ಪೂರ್ತಿ ಓದಿ. ವಕೀಲರಾಗಿ ನಾವು ಓದದೇ ಸಹಿ ಮಾಡುವ ಏಕೈಕ ಕಾಗದ ನಮ್ಮದೇ ಅರ್ಜಿ ಅಂತ ಕಾಣುತ್ತದೆ.

ಬೇರೆ ದೇಶಕ್ಕೆ ಹೋಗುವವರಿಗೆ ಈ ದಾರಿ ಹೀಗೇ ಇರುವುದಿಲ್ಲ. ಇಂಗ್ಲೆಂಡಿಗೆ 2021ರಿಂದ ಎಸ್‌ಕ್ಯುಇ ಎಂಬ ಸಾಲಿಸಿಟರ್ ಅರ್ಹತಾ ಪರೀಕ್ಷೆ ಇದೆ: ಮೊದಲ ಹಂತದಲ್ಲಿ 360 ಪ್ರಶ್ನೆ, ಆಮೇಲೆ ಕೌಶಲದ ಪರೀಕ್ಷೆ. ಬೇರೆ ದೇಶದಲ್ಲಿ ಈಗಾಗಲೇ ವಕೀಲರಾದವರಿಗೆ ಎರಡು ವರ್ಷದ ಕೆಲಸದ ಅನುಭವ ತೋರಿಸುವ ಷರತ್ತು ಇಲ್ಲ. ನಮ್ಮ ಊರವರಿಗೆ ಮನೆಯಂಗಳದಷ್ಟು ಹತ್ತಿರದ ದುಬೈಯಲ್ಲಿ ಸ್ಥಳೀಯ ಕೋರ್ಟಿನ ವ್ಯವಹಾರ ಅರೇಬಿಕ್‌ನಲ್ಲಿ. ನಮ್ಮಂಥವರು ಸಾಮಾನ್ಯವಾಗಿ ಅಲ್ಲಿ ಲೀಗಲ್ ಕನ್ಸಲ್ಟೆಂಟ್ ಆಗುತ್ತಾರೆ.

ಅಕ್ಕ ಈಗ ಬೇರೊಂದು ಸಣ್ಣ ಕಚೇರಿಯಲ್ಲಿ ವಕೀಲೆಯಾಗಿಯೇ ಮನೆ ಮಾರಾಟದ ಕೆಲಸ ನೋಡುತ್ತಾರೆ. ಅವರು ನನಗೆ ದಾಟಿಸಿದ ಪಾಲಿನ ದಾವೆ ಇನ್ನೂ ಸಾಕ್ಷಿ ಹಂತದಲ್ಲಿದೆ. ಮೊನ್ನೆ ವಿಚಾರಣೆಗೆ ಆ ಅಜ್ಜಿ ಬಂದಿದ್ದರು. ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ನೀವೂ ಎಲ್ಲಿಗೂ ಹೋಗುದಿಲ್ಲ ಅಲ್ವಾ ಮಗ?" ಎಂದು ಕೇಳಿದರು.